ಕುಸುಬಿ ಹಾಲಿನ ಅಕ್ಕಿ ಹುಗ್ಗಿ

ಪಾಯಸವೆಂದ ಮೇಲೆ ಅದರಲ್ಲಿ ಹಾಲು ಇರಲೇಬೇಕೆಂದು ವಾದಿಸುವ ಪಂಡಿತರು, ಆ ಶಬ್ದದ ಮೂಲವಾದ ‘ಪಯಸ್’ ಎಂಬುದಕ್ಕೆ ಹಾಲೆಂಬಂತೆಯೇ ನೀರೆಂಬ ಅರ್ಥವೂ ಉಂಟೆಂಬುದನ್ನು, ಮೋಡಕ್ಕೆ ‘ಪಯೋಧರ’ವೆಂಬ ಹೆಸರು ಸಂದುದು ಆ ಕಾರಣದಿಂದಲೇ ಎಂಬುದನ್ನು, ಊಟದ ಪಂಕ್ತಿಯಲ್ಲಿ ಕುಳಿತೊಡನೆ ಮರೆತುಬಿಡುತ್ತಾರೆ. ನಮ್ಮ ಸಂಪಗಾಂವ ಸೀಮೆಯ ಹೆಣ್ಣುಮಕ್ಕಳಿಗೆ ಈ ವ್ಯುತ್ಪತ್ತಿಯ ಗೊಡವೆ ಇರಲಿಲ್ಲ. ಅವರು ಅದನ್ನು ಹುಗ್ಗಿ ಎಂದು ಕರೆದರು, ಕುಸುಬಿಯನ್ನು ಅರೆದು ಹಿಂಡಿ ಹಾಲು ಮಾಡಿಕೊಂಡರು.

ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಾಲ್ಯದ ತರುವಾಯ ಕುಂದುವುದು ವ್ಯಾಧಿಯಲ್ಲ, ಜಗತ್ತಿನ ವಯಸ್ಕರಲ್ಲಿ ಬಹುಸಂಖ್ಯಾತರ ಪ್ರಕೃತಿಯೇ ಅದು. ಅಂಥವರಿಗೆಂದು ದೂರದ ಬಾದಾಮಿಯ ಹಾಲನ್ನು ಪೊಟ್ಟಣದಲ್ಲಿ ತರಿಸುವ ಮನೆಗಳನ್ನು ಕಂಡಾಗ ನನಗೆ ನಗೆಯೂ ಖೇದವೂ ಒಟ್ಟಿಗೆ ಬರುತ್ತವೆ. ಮಲೆನಾಡ ಸೆರಗಿನ ಕಿತ್ತೂರ ಕಡೆಯ ಭತ್ತವೂ ಸವದತ್ತಿ, ರಾಮದುರ್ಗಗಳ ಎರೆಹೊಲದ ಕುಸುಬಿಯೂ ಒಂದೇ ಸಂತೆಯಲ್ಲಿ ಕೂಡುತ್ತಿದ್ದ ಈ ನಾಡಿನಲ್ಲಿ ಇಂಥ ಪಾತ್ರೆಯೊಂದು ಒಲೆಯೇರಿದುದು ಆಕಸ್ಮಿಕವಲ್ಲ.

ಒಂದು ವಾಟಗ ಅಕ್ಕಿಗೆ ಎರಡು ವಾಟಗ ಕುಸುಬಿ. ಬೀಜವನ್ನು ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗಿಗೆ ನೀರು ಚಿಮುಕಿಸುತ್ತ ಅರೆದು, ತೆಳುವಾದ ಅರಿವೆಯಲ್ಲಿ ಕಟ್ಟಿ ಹಿಂಡಿದರೆ ಬೆರಳುಗಳ ನಡುವಿನಿಂದ ಅಚ್ಚ ಬಿಳುಪಿನ, ಎಣ್ಣೆಯ ನುಣುಪುಳ್ಳ ಹಾಲು ಇಳಿಯುತ್ತದೆ. ಅಕ್ಕಿ ನೀರಿನಲ್ಲಿಯೇ ಮೆತ್ತಗೆ ಬೆಂದಿರಬೇಕು; ಬೆಲ್ಲ ಬಿದ್ದ ಬಳಿಕ ಅದು ಮತ್ತೆ ಬೇಯದು. ಒಂದೂವರೆ ವಾಟಗ ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಬೆರೆಸಿ, ಕಟ್ಟಕಡೆಗೆ ಕುಸುಬಿ ಹಾಲನ್ನು ಸಣ್ಣ ಉರಿಯ ಮೇಲೆ ಹೊಯ್ಯುತ್ತ, ಸವುಟು ನಿಲ್ಲಿಸದೆ ತಿರುವಬೇಕು. ನಾನು ಮೊದಲ ಸಲ ಅವಸರಕ್ಕೆ ಉರಿ ಹೆಚ್ಚಿಸಿ, ಬಾಗಿಲಿಗೆ ಬಂದವರೊಡನೆ ಎರಡು ಮಾತಾಡಿ ಬರುವಷ್ಟರಲ್ಲಿ, ಹಾಲೆಲ್ಲ ಒಡೆದು ಹರಳುಗಟ್ಟಿ ಮೇಲೆ ತೇಲುತ್ತಿತ್ತು. ಒಣಶುಂಠಿ, ಏಲಕ್ಕಿ, ಹುರಿದ ಗಸಗಸೆ, ಒಣಕೊಬ್ಬರಿಯ ತುರಿ ಇಷ್ಟು ಸಾಕು. ಗೋಡಂಬಿಯ ಆಡಂಬರ ಈ ಹುಗ್ಗಿಗೆ ಒಪ್ಪುವುದಿಲ್ಲವೆಂಬುದು ನನ್ನ ಹಟ.

“ಹಾಲ್ ಹಾಕಿಲ್ಲ ತಗೋರಿ, ತುಪ್ಪ ಅಷ್ಟ ಹಾಕೇನಿ” ಎಂದು ಉಪಚರಿಸುವ ಗೃಹಿಣಿಯ ಅಂತಃಕರಣವನ್ನು ಮೆಚ್ಚಬೇಕಾದರೂ, ಹಾಲಿನ ಅಲರ್ಜಿಯುಳ್ಳ ಕೂಸಿಗೆ ತುಪ್ಪವೂ ನಿಷಿದ್ಧವೆಂಬುದನ್ನು ಆಕೆಗೆ ತಿಳಿಸಬೇಕು.

ಹಾಲು ತೆಗೆದ ಪಾಯಸ ಇದಲ್ಲ, ತನ್ನದೇ ರುಚಿಯ ಬೇರೊಂದು ಪದಾರ್ಥ. ಆದುದರಿಂದ ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ಇದರದೊಂದು ಕೊಪ್ಪರಿಗೆ ಮರ್ಯಾದೆಯಿಂದಲೇ ಇರಬೇಕೆಂದು ನನ್ನ ವಾದ. ತೊಡಕಿರುವುದು ಹೊಲದಲ್ಲಿ. ಬಿಳಿಜೋಳದ ನಡುವೆ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಬದುವಿನಲ್ಲಿ ಮುಳ್ಳಿನ ಕಾವಲಾಗಿ ನಿಲ್ಲುತ್ತಿದ್ದ ಕುಸುಬಿ, ಕಬ್ಬು ಸೋಯಾಗಳ ಭರಾಟೆಯಲ್ಲಿ ಹಿಂದೆ ಸರಿದಿದೆ. ಹಿಂಗಾರಿಗೆ ನಾಲ್ಕು ಸಾಲು ಬಿತ್ತಿದರೂ ಒಂದು ಮನೆಯ ವರ್ಷದ ಹುಗ್ಗಿಗೆ ಕೊರತೆಯಾಗದು. ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಅರ್ಧ ಕಿಲೋ ಕುಸುಬಿ ಕೇಳಿದೆ. ಅಂಗಡಿಯ ಹುಡುಗ ಒಳಗಿನ ಚೀಲದಿಂದ ಅಳೆದು ಕೊಡುತ್ತ, ಬಹು ವಿನಯದಿಂದ ವಿಚಾರಿಸಿದ: “ಮನ್ಯಾಗ ಗಿಣಿ ಸಾಕೀರೇನ್ರೀ?”