ಎಲ್ಲಿ ತಪ್ಪಾಯಿತೆಂದು ಕೇಳಿದ ತಾಯಿಗೆ

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯಿಂದ ತುರುವೇಕೆರೆಗೊಂದು, ಚಿಕ್ಕನಾಯಕನಹಳ್ಳಿಗೊಂದು ರಸ್ತೆ ಒಡೆಯುವ ಜಾಗವೇ ನಮ್ಮ ಕಿಬ್ಬನಹಳ್ಳಿ ಕ್ರಾಸ್. ಜನ ಅದನ್ನು ಕೆ.ಬಿ. ಕ್ರಾಸ್ ಎಂದೇ ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಅಂದು ಹೋಬಳಿಯ ಒಂದು ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟದ ಸ್ಪರ್ಧೆಗಳು ನಡೆದಿದ್ದವು. ಹೆಣ್ಣುಮಕ್ಕಳ ನೃತ್ಯಕ್ಕೆ ನಾನೂ ಒಬ್ಬ ತೀರ್ಪುಗಾರ. ನಿವೃತ್ತ ಮೇಷ್ಟ್ರುಗಳಿಗೆ ಇಂಥ ಗೌರವ ಆಗಾಗ ಸಲ್ಲುತ್ತದೆ. ಒಂದು ಹಾರ, ಒಂದು ತೆಂಗಿನಕಾಯಿ, ಮಧ್ಯಾಹ್ನದ ಊಟ. ಎರಡನೆಯ ಸ್ಥಾನ ಪಡೆದ ಹುಡುಗಿಯ ತಾಯಿ ನನ್ನನ್ನು ಗುರುತಿಸಿ ಹತ್ತಿರ ಬಂದರು. ಕಾಯಿ ಸುಲಿಯುವ ಕೂಲಿಯಾಕೆ. ಜಗಳಕ್ಕೆ ಬಂದರೇನೋ ಎಂದು ಒಂದು ಕ್ಷಣ ಅಳುಕಿದೆ. ಅವರು ಕೇಳಿದ್ದು ಇಷ್ಟೇ: 'ನಮ್ಮುಡುಗಿ ಎಲ್ಲಿ ತಪ್ಪು ಮಾಡಿದ್ಲು ಹೇಳಿ ಸಾ, ಮುಂದಿನ ವರ್ಸ ಸರಿ ಮಾಡ್ಕತಾಳೆ.'

'ತಪ್ಪೇನಿಲ್ಲಮ್ಮ, ಸ್ಪರ್ಧೆ ಜೋರಾಗಿತ್ತು' ಎಂದೆ. ಅಷ್ಟರಲ್ಲಿ ಬಸ್ಸು ಬಂತು.

ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಲೆಕ್ಕ ಬಿಡಿಸುವುದಕ್ಕೆ ನನಗೆ ನೆರವಾದದ್ದು ನಮ್ಮ ಸೀಮೆಗೆ ಯಾವ ಸಂಬಂಧವೂ ಇಲ್ಲದ ಒಂದು ಆಟ. ಮಂಜುಗಡ್ಡೆಯ ಮೇಲೆ ಹೆಣ್ಣುಮಕ್ಕಳು ಸಂಗೀತಕ್ಕೆ ತಕ್ಕಂತೆ ಕುಣಿಯುವ, ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂಟಿ ಕಾಲಿನಲ್ಲಿ ಇಳಿಯುವ ಫಿಗರ್ ಸ್ಕೇಟಿಂಗನ್ನು ನಾನು ಟಿ.ವಿ.ಯಲ್ಲಿ ನೋಡಿಯೇ ಬಲ್ಲೆ. ನಮ್ಮಲ್ಲಿ ಮಂಜುಗಡ್ಡೆಯೆಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಾಟಿನಡಿ ಕರಗುವ ವಸ್ತು, ಅಷ್ಟೇ. ಆದರೆ ಕುಣಿತಕ್ಕೆ ಅಂಕ ಹಾಕುವುದು ಹೇಗೆ ಎಂಬ ಪ್ರಶ್ನೆಯ ಬಗ್ಗೆ ಆ ಆಟದಲ್ಲಿ ನಡೆದಷ್ಟು ಜಗಳ ಬೇರೆಲ್ಲೂ ನಡೆದಂತಿಲ್ಲ. ಓಟದಲ್ಲಿ ಗಡಿಯಾರವಿದೆ, ಜಿಗಿತಕ್ಕೆ ಅಳತೆಪಟ್ಟಿಯಿದೆ. ಅಂದಕ್ಕೆ ಮನುಷ್ಯರ ಕಣ್ಣೇ ಗತಿ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನ ಮಹಿಳಾ ಸ್ಪರ್ಧೆಯನ್ನೇ ನೋಡೋಣ. ಆಗ ಇದ್ದದ್ದು ಆರು ಅಂಕದ ಹಳೆಯ ಪದ್ಧತಿ. ತೀರ್ಪುಗಾರರು ಒಂಬತ್ತು ಮಂದಿ. ಅವರು ಹಾಕುವ ಅಂಕಕ್ಕಿಂತ, ಆ ಅಂಕದಿಂದ ಯಾರು ಯಾರಿಗಿಂತ ಮೇಲೆಂದು ಏರ್ಪಡುವ ಸ್ಥಾನವೇ ಮುಖ್ಯ. ಹೆಚ್ಚು ತೀರ್ಪುಗಾರರು ಯಾರನ್ನು ಮೇಲಿಟ್ಟರೋ ಅವರು ಮೇಲೆ. ಮೊದಲ ದಿನದ ಕಿರು ಪ್ರದರ್ಶನದ ಸ್ಥಾನವನ್ನು ಅರ್ಧ ಮಾಡಿ, ಅದಕ್ಕೆ ಎರಡನೆಯ ದಿನದ ದೀರ್ಘ ಪ್ರದರ್ಶನದ ಸ್ಥಾನವನ್ನು ಕೂಡಿಸುತ್ತಿದ್ದರು. ಮೊತ್ತ ಯಾರದು ಕಡಿಮೆಯೋ ಅವರಿಗೆ ಚಿನ್ನ. ಮೊದಲ ದಿನ ಅಮೆರಿಕದ ಮಿಷೆಲ್ ಕ್ವಾನ್ ಮೊದಲು, ರಷ್ಯಾದ ಇರಿನಾ ಸ್ಲುಟ್ಸ್‌ಕಾಯಾ ಎರಡನೆಯವರು, ಸಾರಾ ಹ್ಯೂಸ್ ಎಂಬ 16ರ ಅಮೆರಿಕನ್ ಹುಡುಗಿ ನಾಲ್ಕನೆಯವಳು. ಎರಡನೆಯ ದಿನ ಸ್ಲುಟ್ಸ್‌ಕಾಯಾ ಒಬ್ಬರೇ ಬಾಕಿ ಉಳಿದಾಗ ಹ್ಯೂಸ್ ಮೊದಲು, ಕ್ವಾನ್ ಎರಡನೆಯವರು. ಕ್ವಾನ್ ಲೆಕ್ಕ ಎರಡೂವರೆ, ಹ್ಯೂಸ್ ಲೆಕ್ಕ ಮೂರು. ಅಂದರೆ ಆ ಗಳಿಗೆಯಲ್ಲಿ ಕ್ವಾನ್ ಮುಂದಿದ್ದರು. ಕೊನೆಯಲ್ಲಿ ಸ್ಲುಟ್ಸ್‌ಕಾಯಾ ಬಂದು ಇಬ್ಬರ ನಡುವೆ ಎರಡನೆಯ ಸ್ಥಾನದಲ್ಲಿ ಕೂತರು. ಕ್ವಾನ್ ಮೂರನೆಯ ಸ್ಥಾನಕ್ಕೆ ಜಾರಿ ಅವರ ಮೊತ್ತ ಮೂರೂವರೆಯಾಯಿತು. ಹ್ಯೂಸ್ ಮತ್ತು ಸ್ಲುಟ್ಸ್‌ಕಾಯಾ ಇಬ್ಬರದೂ ಮೂರು. ಸಮವಾದರೆ ಎರಡನೆಯ ದಿನದ ಸ್ಥಾನವೇ ನಿರ್ಣಾಯಕವೆಂಬ ನಿಯಮದಂತೆ ಚಿನ್ನ ಹ್ಯೂಸ್ ಪಾಲಿಗೆ ಬಂತು.

ಕುಣಿದು ಮುಗಿಸಿ ಬದಿಯಲ್ಲಿ ಕುಳಿತಿದ್ದ ಇಬ್ಬರ ಪೈಕಿ ಯಾರು ಮೇಲೆ ಎಂಬುದನ್ನು ಮೂರನೆಯವಳ ಕುಣಿತ ತಿರುವುಮುರುವು ಮಾಡಿತು. ಇನ್ನೂ ಒಂದು ಮಾತಿದೆ. ಎರಡನೆಯ ದಿನ ಐವರು ತೀರ್ಪುಗಾರರು ಹ್ಯೂಸ್ ಪರ, ನಾಲ್ವರು ಸ್ಲುಟ್ಸ್‌ಕಾಯಾ ಪರ ಇದ್ದರು. ಆ ಐವರಲ್ಲಿ ಒಬ್ಬರು ಆಚೆಗೆ ವಾಲಿದ್ದರೆ ಹ್ಯೂಸ್‌ಗೆ ತಪ್ಪುತ್ತಿದ್ದುದು ಚಿನ್ನ ಮಾತ್ರವಲ್ಲ, ಆಕೆಯ ಮೊತ್ತ ನಾಲ್ಕಾಗಿ ಬೆಳ್ಳಿಯೂ ಕೈತಪ್ಪಿ ಕಂಚಿಗೆ ಇಳಿಯುತ್ತಿದ್ದಳು. ರಷ್ಯಾ ದೂರು ಕೊಟ್ಟಿತು, ದೂರು ತಿರಸ್ಕೃತವಾಯಿತು.

ಅದೇ ಕೂಟದ ಜೋಡಿ ಸ್ಪರ್ಧೆಯ ಹಗರಣ ಹೆಚ್ಚು ಸದ್ದು ಮಾಡಿತ್ತು. ಫ್ರಾನ್ಸಿನ ತೀರ್ಪುಗಾರ್ತಿ ಒತ್ತಡಕ್ಕೆ ಮಣಿದು ಮತ ಹಾಕಿದರೆಂಬ ಆರೋಪ ಬಂದು, ಕೆನಡಾದ ಜೋಡಿಗೆ ಇನ್ನೊಂದು ಚಿನ್ನ ಕೊಟ್ಟು ಮಾನ ಉಳಿಸಿಕೊಳ್ಳಬೇಕಾಯಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2004ರಲ್ಲಿ ಹಳೆಯ ಪದ್ಧತಿಯನ್ನೇ ಕೈಬಿಟ್ಟಿತು. ಹೊಸ ಪದ್ಧತಿಯಲ್ಲಿ ಪ್ರತಿ ಜಿಗಿತಕ್ಕೂ ಪ್ರತಿ ಸುತ್ತಿಗೂ ಮೂಲಬೆಲೆಯಿದೆ. ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂಬುದಕ್ಕೆ ತೀರ್ಪುಗಾರರು ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಒಟ್ಟಾರೆ ಚೆಲುವಿಗೆ ಬೇರೆ ಅಂಕ. ಇದೆಲ್ಲದರ ವಿವರಪಟ್ಟಿ ಸ್ಪರ್ಧೆ ಮುಗಿದ ಕೂಡಲೇ ಬಹಿರಂಗವಾಗುತ್ತದೆ.

ಈಗ ನಮ್ಮ ಶಾಲೆಯ ಜಗಲಿಗೆ ಮರಳುತ್ತೇನೆ. ನಾವು ಮೂವರು ತೀರ್ಪುಗಾರರು. ನಮ್ಮ ಮುಂದಿದ್ದ ಹಾಳೆಯಲ್ಲಿ ಮೂರು ಅಂಕಣ: ವೇಷಭೂಷಣ, ಅಭಿನಯ, ತಾಳ ಮತ್ತು ಹೆಜ್ಜೆ. ಒಂದೊಂದಕ್ಕೆ ಹತ್ತು ಅಂಕ. ಮೊದಲ ಸ್ಥಾನ ಪಡೆದ ಹುಡುಗಿಗೆ ನಾವು ಕೊಟ್ಟದ್ದು 24, 23, 24, ಒಟ್ಟು 71. ಆ ತಾಯಿಯ ಮಗಳಿಗೆ ಸಿಕ್ಕಿದ್ದು 26, 25, 15, ಒಟ್ಟು 66. ಮೂವರಲ್ಲಿ ಇಬ್ಬರ ಕಣ್ಣಿಗೆ ಅವಳೇ ಮೇಲಿದ್ದಳು. ಒಬ್ಬನ 15 ಅವಳನ್ನು ಕೆಳಗೆ ಎಳೆಯಿತು. ಅದನ್ನು ಹಾಕಿದವನು ನಾನು.

ನನಗೆ ಆ ಮಗುವಿನ ಮೇಲಾಗಲೀ ಅವಳ ಶಾಲೆಯ ಮೇಲಾಗಲೀ ದ್ವೇಷವಿರಲಿಲ್ಲ. ನಾನು ನಿಯಮ ಪಾಲಿಸಿದೆ. ಇನ್ನೊಬ್ಬಳು ತಿಪಟೂರಿನಿಂದ ಬಾಡಿಗೆಗೆ ತಂದ ಜರಿಯ ಉಡುಗೆ, ಡಾಬು, ಜಡೆಬಿಲ್ಲೆಗಳೊಂದಿಗೆ ಬಂದಿದ್ದಳು. ಇವಳು ಅಮ್ಮನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂದಿದ್ದಳು. ವೇಷಭೂಷಣದ ಅಂಕಣದಲ್ಲಿ ಒಂದು ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ನಿಯಮದ ನೆರಳಿನಲ್ಲಿ ಅಡಗಬಹುದಿತ್ತು. ಉಳಿದ ಎರಡು ಅಂಕಣಗಳಲ್ಲಿ ಜೊತೆಯ ತೀರ್ಪುಗಾರರು ಒಂಬತ್ತು, ಹತ್ತು ಕೊಟ್ಟಿದ್ದರೆ ನಾನು ಏಳೇಳು ಕೊಟ್ಟಿದ್ದೆ. ಅವಳ ಹೆಜ್ಜೆ ತಪ್ಪಿರಲಿಲ್ಲ. ನಡುವೆ ಕರೆಂಟು ಹೋಗಿ ಹಾಡು ನಿಂತಾಗಲೂ ತಾಳ ಬಿಡದೆ ಕುಣಿದವಳು ಅವಳೊಬ್ಬಳೇ. ಸೀರೆಯ ಒಂದು ಅಂಕ ಬಣ್ಣದಂತೆ ಹರಡಿ ಪಕ್ಕದ ಅಂಕಣಗಳಿಗೂ ಹತ್ತಿತ್ತು. ನಾನು ಹಾಗೆ ಮಾಡುತ್ತಿರುವುದು ನನಗೇ ತಿಳಿಯಲಿಲ್ಲ. ಕೂಡಿದ ಹಾಳೆಗೆ ಸಹಿ ಹಾಕುವಾಗ ಮೂವರ ಅಂಕಗಳನ್ನು ಪಕ್ಕಪಕ್ಕದಲ್ಲಿ ನೋಡಿ ಎದೆ ಧಸಕ್ಕೆಂದಿತು. ಆದರೂ ಸಹಿ ಹಾಕಿದೆ. ಹಾಳೆ ಲಕೋಟೆಯೊಳಗೆ ಹೋಯಿತು.

ಸ್ಕೇಟಿಂಗಿನ ಹಳೆಯ ಪದ್ಧತಿ ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಎರಡಕ್ಕೆ ಒಂದರ ಬಹುಮತದಿಂದ ಅವಳೇ ಗೆಲ್ಲುತ್ತಿದ್ದಳು. ಹೊಸ ಪದ್ಧತಿಯಂತೆ ಎರಡು ತುದಿಗಳನ್ನು ಕತ್ತರಿಸಿ ನಡುವಿನ ಅಂಕ ಹಿಡಿದರೂ ಅವಳದು 25, ಇನ್ನೊಬ್ಬಳದು 24. ಸಾಲ್ಟ್ ಲೇಕ್ ಸಿಟಿಯಲ್ಲಿ ವಿಚಿತ್ರವಾಗಿ ಕಂಡ ಲೆಕ್ಕವೂ ಅದನ್ನು ಕಿತ್ತುಹಾಕಿ ತಂದ ಲೆಕ್ಕವೂ ಒಬ್ಬ ತೀರ್ಪುಗಾರನ ಲಹರಿಗೆ ಕಡಿವಾಣ ಹಾಕುತ್ತವೆ. ನಾವು ಬಳಸಿದ ಸರಳ ಸಂಕಲನಕ್ಕೆ ಆ ಶಕ್ತಿಯಿಲ್ಲ. ಮೂವರ ಅಂಕವನ್ನು ಸುಮ್ಮನೆ ಕೂಡಿಸುವಲ್ಲಿ ಹೆಚ್ಚು ಅಂತರ ಹಾಕುವವನೇ ದೊರೆ.

ಹಾಗೆಂದು ಲೆಕ್ಕ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವಷ್ಟು ಮುಗ್ಧ ನಾನಲ್ಲ. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಆತಿಥೇಯ ದೇಶದ ಅಡೆಲಿನಾ ಸೊಟ್ನಿಕೋವಾ 224.59 ಅಂಕ ಪಡೆದು ದಕ್ಷಿಣ ಕೊರಿಯಾದ ಕಿಮ್ ಯುನಾ ಅವರನ್ನು (219.11) ಸೋಲಿಸಿದರು. ಸೊಟ್ನಿಕೋವಾ ಜಿಗಿತಗಳ ಮೂಲಬೆಲೆ ಹೆಚ್ಚಿದ್ದುದು ನಿಜ. ಆದರೆ ಅದುವರೆಗೆ ಕಿಮ್ ಮಟ್ಟಕ್ಕೆ ಎಂದೂ ಬಾರದಿದ್ದ ಚೆಲುವಿನ ಅಂಕಗಳು ಅಂದು ಏಕಾಏಕಿ ಅವರ ಸರಿಸಮಕ್ಕೆ ಏರಿದ್ದು ಹೇಗೆ? ತವರಿನ ಚಪ್ಪಾಳೆ ತೀರ್ಪುಗಾರರ ಕೈಗೂ ಹತ್ತಿತ್ತೆಂಬುದು ನನ್ನ ಅನಿಸಿಕೆ. ಕೊರಿಯಾದ ದೂರನ್ನು ಒಕ್ಕೂಟ ಒಪ್ಪಲಿಲ್ಲ. ಆಗ ಅಂಕಗಳೆಲ್ಲ ಬಹಿರಂಗವಾಗಿದ್ದರೂ ಯಾವ ಅಂಕ ಯಾರದೆಂಬುದು ಗುಟ್ಟಾಗಿತ್ತು. ಹೆಸರು ಮರೆಮಾಚಿದರೆ ತೀರ್ಪುಗಾರರ ಮೇಲೆ ಒತ್ತಡ ಬೀಳದೆಂಬುದು 2002ರ ಹಗರಣದ ನಂತರ ಹೂಡಿದ ತರ್ಕ. ತಮ್ಮ ದೇಶದವರತ್ತ ವಾಲುವ ಚಾಳಿ ಇದರಿಂದ ಕಡಿಮೆಯಾಗಲಿಲ್ಲವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್ ಅಂಕಪಟ್ಟಿಗಳನ್ನೇ ಜಾಲಾಡಿ ತೋರಿಸಿದರು. 2016ರಲ್ಲಿ ಒಕ್ಕೂಟ ಆ ಮುಸುಕನ್ನು ತೆಗೆಯಿತು.

ಅಂಕಪಟ್ಟಿಯಲ್ಲಿ ಏನು ಬರೆಯುತ್ತೇವೆ ಎಂಬುದೂ ಸಣ್ಣ ವಿಷಯವಲ್ಲ. ಪ್ರದರ್ಶನದ ಉತ್ತರಾರ್ಧದಲ್ಲಿ ಜಿಗಿದರೆ ಶೇಕಡಾ 10ರಷ್ಟು ಹೆಚ್ಚು ಬೆಲೆಯೆಂಬ ನಿಯಮವಿತ್ತು. ದಣಿದ ಕಾಲಲ್ಲಿ ಜಿಗಿಯುವುದು ಕಷ್ಟ ಎಂಬುದು ಅದರ ಹಿಂದಿನ ಆಶಯ. 2018ರ ಪ್ಯೊಂಗ್‌ಚಾಂಗ್‌ನಲ್ಲಿ 15ರ ಅಲಿನಾ ಜಗಿಟೋವಾ ಅಷ್ಟೂ ಜಿಗಿತಗಳನ್ನು ಉತ್ತರಾರ್ಧಕ್ಕೇ ಇಟ್ಟುಕೊಂಡಳು. ದೀರ್ಘ ಪ್ರದರ್ಶನದಲ್ಲಿ ಅವಳಿಗೂ ತನ್ನದೇ ದೇಶದ ಯೆವ್ಗೆನಿಯಾ ಮೆಡ್ವೆಡೆವಾಗೂ ಬಂದ ಅಂಕ ಒಂದೇ, 156.65. ಕಿರು ಪ್ರದರ್ಶನದ ಅಲ್ಪ ಮುನ್ನಡೆಯಿಂದ ಜಗಿಟೋವಾ ಗೆದ್ದಳು. ಅವಳು ಮೋಸ ಮಾಡಲಿಲ್ಲ. ನಿಯಮ ಕೇಳಿದ್ದನ್ನು ಕೊಟ್ಟಳು. ಆಮೇಲೆ ನಿಯಮವೇ ಬದಲಾಗಿ, ಹೆಚ್ಚುವರಿ ಬೆಲೆಯನ್ನು ಕೊನೆಯ ಕೆಲವು ಜಿಗಿತಗಳಿಗಷ್ಟೇ ಸೀಮಿತಗೊಳಿಸಲಾಯಿತು.

ನಮ್ಮ ಹಾಳೆಯ 'ವೇಷಭೂಷಣ 10' ಎಂಬ ಅಂಕಣವೂ ಹೀಗೆಯೇ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ತಂದೆತಾಯಿ. ಉಡುಗೆಗೆ ಬಾಡಿಗೆ, ಮೇಕಪ್ಪಿಗೆ ಬೇರೆ, ಗಾಡಿಗೆ ಬೇರೆ. ಸರ್ಕಾರಿ ಶಾಲೆಯ ಬಡಮಕ್ಕಳಿಗೂ ವೇದಿಕೆ ಸಿಗಲೆಂದು ಹುಟ್ಟಿದ ಕಾರ್ಯಕ್ರಮದಲ್ಲಿ ಮೂರನೆಯ ಒಂದು ಪಾಲು ಅಂಕ ದುಡ್ಡಿಗೆ ಮೀಸಲಾದರೆ ಅದಕ್ಕೆ ಏನನ್ನಬೇಕು? ಹುಡುಗರ ಭಾಷಣಕ್ಕೋ ಕಂಠಪಾಠಕ್ಕೋ ಅಂಗಿಯ ಇಸ್ತ್ರಿ ನೋಡಿ ಅಂಕ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಹೆಣ್ಣುಮಗು ವೇದಿಕೆ ಹತ್ತಿದಾಗ ಮಾತ್ರ ನಾವು ಕುಣಿತಕ್ಕೆ ಮುಂಚೆ ಉಡುಗೆ ನೋಡುತ್ತೇವೆ. ಉಡುಗೆಯ ನೆಪದಲ್ಲಿ ಮೈಬಣ್ಣವನ್ನೂ ನೋಡುತ್ತೇವೆ. ಇದನ್ನು ಒಪ್ಪಿಕೊಳ್ಳಲು ತೀರ್ಪುಗಾರರಿಗೆ ನಾಚಿಕೆ. ನನಗೂ ಬಹಳ ಕಾಲ ಹಿಡಿಯಿತು.

ನೆರೆಯ ಕೇರಳದವರು ಈ ವಿಷಯದಲ್ಲಿ ಇನ್ನೊಂದು ತುದಿಗೆ ಹೋದವರು. ಅಲ್ಲಿನ ಶಾಲಾ ಕಲೋತ್ಸವದಲ್ಲಿ ಸೋತವರು ಶುಲ್ಕ ಕಟ್ಟಿ ಮೇಲ್ಮನವಿ ಸಲ್ಲಿಸಬಹುದು. ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. 2019ರಲ್ಲಿ ಆ ಕಲೋತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ನಡೆದಿತ್ತು. ಮೇಲ್ಮನವಿಗಳ ಹಾವಳಿಯಿಂದ ಸ್ಪರ್ಧೆಗಳು ರಾತ್ರಿಯಿಡೀ ಎಳೆಯುತ್ತವೆ, ದುಡ್ಡಿದ್ದವರಿಗೇ ಅದರ ಲಾಭ ಎಂಬ ಟೀಕೆ ಅಲ್ಲಿಯೂ ಇದೆ. ನಮಗೆ ಅಷ್ಟು ದೂರದ ದಾರಿ ಬೇಡ. ಆ ತಾಯಿ ಕೇಳಿದ್ದು ಮೇಲ್ಮನವಿಯಲ್ಲ, ವಿವರ.

ಕೊಬ್ಬರಿಯ ಊರಿನವನಾದ ನನಗೆ ಹೋಲಿಕೆಯೊಂದು ಕಣ್ಣಿಗೆ ಹೊಡೆಯುತ್ತದೆ. ತಿಪಟೂರಿನ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಲಾಟಿಗೆ ಎಷ್ಟು ಬೆಲೆ ಬಂತೆಂಬುದು ಟೆಂಡರು ಮುಗಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಚೀಲ ತಿರಸ್ಕರಿಸಿದರೆ ತೇವ ಜಾಸ್ತಿಯೋ ಗಾತ್ರ ಸಣ್ಣದೋ ಕೌಟು ಹಿಡಿದಿದೆಯೋ ಎಂದು ರೈತ ಕೇಳುತ್ತಾನೆ, ಜಗಳವಾಡಿಯಾದರೂ ಉತ್ತರ ಪಡೆಯುತ್ತಾನೆ. ಮುಂದಿನ ಸಲ ಇನ್ನೂ ಒಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾನೆ. ಕೊಬ್ಬರಿಗೆ ಸಿಗುವ ಈ ಕಾರಣ ನಮ್ಮ ಮಕ್ಕಳ ಕುಣಿತಕ್ಕೆ ಸಿಗುವುದಿಲ್ಲ.

ಆಗಬೇಕಾದ್ದು ದೊಡ್ಡದೇನಲ್ಲ. ವೇಷಭೂಷಣದ ಅಂಕಣವನ್ನು ತೆಗೆಯಬೇಕು. ಆತಿಥೇಯ ಶಾಲೆಯವರು ತೀರ್ಪಿಗೆ ಕೂರಬಾರದು. ಮೂವರೇ ಇದ್ದಾಗ ಮೊತ್ತದ ಬದಲು ನಡುವಿನ ಅಂಕ ಹಿಡಿಯಬೇಕು. ಐವರು ಸಿಕ್ಕರೆ ಎರಡು ತುದಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಮಗುವಿನ ಕೈಗೂ ಒಂದು ಚೀಟಿ, ಅದರಲ್ಲಿ ಮೂವರ ಅಂಕ, ಮೂವರ ಹೆಸರು. ಇದರಿಂದ ತೀರ್ಪುಗಾರರಾಗಿ ಬರುವವರೇ ಇಲ್ಲವಾಗುತ್ತಾರೆ, ಊರಲ್ಲಿ ಗಲಾಟೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳ್ಳಿಯಲ್ಲಿ ಮುಖ ನೋಡಿಕೊಂಡು ಬದುಕಬೇಕಾದವರ ಸಂಕಟ ನಗರದವರಿಗೆ ಸುಲಭಕ್ಕೆ ಅರ್ಥವಾಗದು.

ಮುಂದೊಂದು ವರ್ಷ ಮತ್ತೆ ಕರೆ ಬಂದಾಗ ಚೀಟಿ ಕೊಡುವುದಾದರೆ ಮಾತ್ರ ಬರುತ್ತೇನೆಂದೆ. ಲಿಖಿತವಾಗಿ ಆಗದು, ನಿಮ್ಮ ಪಾಡಿಗೆ ನಿಮ್ಮ ಅಂಕ ಬರೆದುಕೊಡಿ ಎಂದರು. ಕೊಟ್ಟೆ. ಗಲಾಟೆಯೇನೂ ಆಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಅಪ್ಪ ಮಾತ್ರ ಚೀಟಿ ಹಿಡಿದು ಬಂದು, ಮಗಳಿಗೆ ತಾಳದಲ್ಲಿ ಆರು ಏಕೆ ಎಂದು ಕೇಳಿದ. ಎರಡನೆಯ ಚರಣದಲ್ಲಿ ಹೆಜ್ಜೆ ತಪ್ಪಿತ್ತು ಎಂದೆ. ಅವನು ಒಪ್ಪಲಿಲ್ಲ. ಮೊಬೈಲಿನಲ್ಲಿ ಹಿಡಿದಿದ್ದ ಕುಣಿತವನ್ನು ಅಲ್ಲೇ ಕಾಂಪೌಂಡಿನ ನೆರಳಿನಲ್ಲಿ ನಿಂತು ಎರಡು ಸಲ ತೋರಿಸಿದ. ಹೆಜ್ಜೆ ತಪ್ಪಿರಲಿಲ್ಲ, ಹಾಡೇ ಅಲ್ಲಿ ಅರೆಕ್ಷಣ ಎಡವಿತ್ತು. ಅಷ್ಟು ಹೊತ್ತಿಗೆ ಫಲಿತಾಂಶದ ಹಾಳೆ ತಾಲ್ಲೂಕಿಗೆ ಹೋಗಿಯಾಗಿತ್ತು. ಅವನ ಚೀಟಿಯನ್ನು ಇಸಿದುಕೊಂಡು ಆರನ್ನು ಹೊಡೆದು ಎಂಟು ಎಂದು ತಿದ್ದಿ ಸಹಿ ಹಾಕಿದೆ. ಸ್ಥಾನವೇನೂ ಬದಲಾಗದು ಎಂದೆ. ಗೊತ್ತು ಎಂದು ತಲೆಯಾಡಿಸಿ, ಚೀಟಿಯನ್ನು ಮಗಳ ಕೈಗೆ ಕೊಟ್ಟು ಬೈಕು ಹತ್ತಿದ.