ಆರಾಣೆಯ ಪುಸ್ತಕ, ಹೊಳಲ್ಕೆರೆಯ ಮೊಹರು

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನವರಿಬ್ಬರ ಮಾತು ಕಿವಿಗೆ ಬಿತ್ತು. ತಾತನ ಪೆಟ್ಟಿಗೆಯಲ್ಲಿ ಮಕ್ಕಳ ಕಥೆ ಪುಸ್ತಕವೊಂದು ಸಿಕ್ಕಿದೆಯಂತೆ. ಮೊದಲ ಹಾಳೆಗಳಿಲ್ಲ. ಹಿಂಬದಿಯಲ್ಲಿ ಆರಾಣೆ ಎಂದಿದೆ, ಕೊನೆಯ ಪುಟದಲ್ಲಿ ಮಂಗಳೂರಿನ ಯಾವುದೋ ಛಾಪಖಾನೆಯ ಹೆಸರಿದೆ, ಒಳಗೆ ಹೊಳಲ್ಕೆರೆಯ ಶಾಲೆಯೊಂದರ ಮೊಹರು. “ಗುಜರಿಯವನು ತೂಕಕ್ಕೆ ಹಾಕು ಅಂದ. ಬೆಂಗಳೂರಲ್ಲಿ ಕೇಳಿದ್ರೆ ಸೀಲು ಬಿದ್ದದ್ದು ಬೇಡ ಅಂದ್ರು ಕಣಣ್ಣ. ಹಂಗಾದ್ರೆ ಇದಕ್ಕೆ ಬೆಲೆ ಏನು?” ಅವರು ಹೊಳಲ್ಕೆರೆಯಲ್ಲಿ ಇಳಿದರು. ನಾನು ಆ ಆರಾಣೆಯನ್ನೇ ಯೋಚಿಸುತ್ತ ಕುಳಿತೆ.

ಆಣೆ, ಪೈಗಳ ವಿಚಾರ ಈ ಅಂಕಣದ ಓದುಗರಿಗೆ ಹೊಸದಲ್ಲ. ಇಸವಿ ಕಳೆದುಕೊಂಡ ಪುಸ್ತಕಕ್ಕೆ ಬೆಲೆಯ ಸಾಲೇ ಜಾತಕ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಬರೀ ಆರಾಣೆ ಎಂದು ಅಚ್ಚಾಗಿದ್ದರೆ ಪುಸ್ತಕ ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ಆರಾಣೆಯ ಮೇಲೆ ರಬ್ಬರ್ ಮೊಹರಿನಲ್ಲಿ ‘37 ನ.ಪೈ.’ (ನಯಾ ಪೈಸೆ) ಎಂದು ಒತ್ತಿದ್ದರೆ ಇನ್ನೂ ಸ್ವಾರಸ್ಯ: ಅಚ್ಚಾದದ್ದು ಮೊದಲು, ಖರ್ಚಾಗದೆ ಅಂಗಡಿಯಲ್ಲಿ ಉಳಿದದ್ದು ಆಮೇಲೂ. ರೂಪಾಯಿಗೆ ಹದಿನಾರಾಣೆ, ನೂರು ನಯಾ ಪೈಸೆ ಎಂಬ ಲೆಕ್ಕಕ್ಕೆ ಮೂವತ್ತೇಳೂವರೆ ಆಗಬೇಕು, ಸರ್ಕಾರದ ಪಟ್ಟಿ ಅರ್ಧವನ್ನು ಕೈಬಿಟ್ಟಿತು. ‘ನಯಾ’ ಎಂಬ ವಿಶೇಷಣ 1964ರ ಜೂನ್‌ನಲ್ಲಿ ಹೋಯಿತು, ಹಾಗಾಗಿ ನಯಾ ಪೈಸೆಯಲ್ಲೇ ಅಚ್ಚಾದ ಬೆಲೆ ಆ ಏಳು ವರ್ಷದ್ದು. ಮೊಹರಿಗೂ ಇಂಥದೇ ಗುರುತುಗಳಿವೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದೆ ಕೆತ್ತಿಸಿದ್ದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದರೆ 1997ಕ್ಕೆ ಮುಂಚಿನದು. ಛಾಪಖಾನೆಯ ಹೆಸರು ಸಿಕ್ಕಿದ್ದೂ ಆಕಸ್ಮಿಕವಲ್ಲ. ಮುದ್ರಕನ ಹೆಸರು, ಮುದ್ರಣವಾದ ಊರು ಪುಸ್ತಕದಲ್ಲಿ ಇರಲೇಬೇಕೆಂದು 1867ರ ಕಾಯ್ದೆ ವಿಧಿಸಿತ್ತು.

ಇಷ್ಟೆಲ್ಲ ಸಾಕ್ಷ್ಯ ಉಳಿಯುವುದು ಹೊದಿಕೆ, ಹಿಂಬದಿ, ಅಂಚುಗಳಲ್ಲಿ. ಬೈಂಡಿಂಗಿಗೆ ಕೊಟ್ಟರೆ ಮೊದಲು ಕಿತ್ತು ಬಿಸಾಡುವುದೂ ಅವನ್ನೇ. ಅಂಚು ಸಮ ಮಾಡುತ್ತೇವೆಂದು ಮಕ್ಕಳ ಕೈಬರಹವನ್ನೆಲ್ಲ ಕತ್ತರಿಸಿ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪ್ರಕಾಶಕರದು ಅದಕ್ಕಿಂತ ದೊಡ್ಡ ಅಪರಾಧ: ಮರುಮುದ್ರಣದಲ್ಲಿ ಮೊದಲ ಮುದ್ರಣದ ಇಸವಿಯನ್ನೂ ಚಿತ್ರ ಬರೆದವರ ಹೆಸರನ್ನೂ ಬಿಟ್ಟುಬಿಡುತ್ತಾರೆ.

ಹಣದ ಮಾತಿಗೆ ಬರುತ್ತೇನೆ. ಇಂಗ್ಲಿಷ್ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1901ರಲ್ಲಿ ತಮ್ಮ ಮೊಲದ ಕಥೆಯನ್ನು ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಅಂಥ ಪ್ರತಿಗೆ ಹರಾಜಿನಲ್ಲಿ ಪೈಪೋಟಿ ನಡೆಯುತ್ತದೆ, ಮೊಹರು, ಗೀಚು ಇಲ್ಲದಷ್ಟೂ ಬೆಲೆ ಏರುತ್ತದೆ. ಕನ್ನಡದಲ್ಲಿ ಅಂಥ ಮಾರುಕಟ್ಟೆ ಬೆಳೆದಿಲ್ಲ. ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಬಂದಿತು. ಅದರ ಮೂರು ಸಂಪುಟಗಳೂ ಮೊದಲ ಮುದ್ರಣದಲ್ಲಿ ಒಟ್ಟಿಗಿದ್ದರೆ ಕೊಳ್ಳುವವರು ಸಿಕ್ಕಾರು. ಮಕ್ಕಳ ಪುಸ್ತಕ ಉಳಿಯುವುದೇ ಅಪರೂಪ, ಓದಿ ಓದಿಯೇ ಹರಿದುಹೋಗುತ್ತದೆ. ದುರ್ಗದವರು ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪುಟ್ಟಣ್ಣನವರದೇ ಮಕ್ಕಳ ಕಥೆಗಳ ‘ನೀತಿ ಚಿಂತಾಮಣಿ’ಯ ಹಳೆಯ ಪ್ರತಿ ಯಾರ ಮನೆಯಲ್ಲಿದೆ? ಆದರೂ ಮೊದಲ ಹಾಳೆಯಿಲ್ಲದ ಆರಾಣೆಯ ಪುಸ್ತಕಕ್ಕೆ ದೊಡ್ಡ ಮೊತ್ತ ಬರುವುದಿಲ್ಲ.

ಇಲ್ಲಿಗೆ ಮುಗಿಸುವವನಿದ್ದೆ. ಆಗ ಆ ಎರಡು ಊರುಗಳು ಒಂದರ ಪಕ್ಕ ಒಂದು ಕಂಡವು. 1956ರ ನವೆಂಬರ್ 1ರ ತನಕ ಮಂಗಳೂರು ಮದ್ರಾಸಿಗೆ ಸೇರಿತ್ತು, ಹೊಳಲ್ಕೆರೆ ಮೈಸೂರಿಗೆ. ವಿದ್ಯಾ ಇಲಾಖೆ ಬೇರೆ, ಪಠ್ಯ ಬೇರೆ, ಇನ್‌ಸ್ಪೆಕ್ಟರೂ ಬೇರೆ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರು ದುಡಿದದ್ದು ಮದ್ರಾಸಿನ ವಿದ್ಯಾ ಇಲಾಖೆಯಲ್ಲಿ. ಹಾಗಿದ್ದ ಮೇಲೆ ಕರಾವಳಿಯ ಕಥೆ ಪುಸ್ತಕ ಘಟ್ಟ ಹತ್ತಿ ಬಯಲುಸೀಮೆಯ ಶಾಲೆಗೆ ಬಂದದ್ದು ಹೇಗೆ? ವರ್ಗವಾಗಿ ಬಂದ ಮೇಷ್ಟ್ರು ತಂದಿರಲಾರರು, ಸರ್ಕಾರಿ ವರ್ಗಾವಣೆ ಆ ಗಡಿ ದಾಟುತ್ತಿರಲಿಲ್ಲ. ಅಡಿಕೆ ವ್ಯಾಪಾರದವರು ತಂದರೋ, ಗಂಟು ಹೊತ್ತು ಊರೂರು ತಿರುಗಿದ ಪುಸ್ತಕ ಮಾರುವವರೋ, ಶಾಲೆಯವರೇ ಅಂಚೆಯಲ್ಲಿ ತರಿಸಿದರೋ? ಏಕೀಕರಣ ಎಂದರೆ ನಾವು ಸಮ್ಮೇಳನ, ಆಯೋಗ, ನಾಯಕರನ್ನು ನೆನೆಯುತ್ತೇವೆ. ಎರಡು ಆಡಳಿತಗಳ ಮಕ್ಕಳು ಒಂದೇ ಕಥೆಯನ್ನು ಓದಿದ್ದರೆ, ಅದೂ ಏಕೀಕರಣವೇ. ಅದಕ್ಕೆ ಸಾಕ್ಷಿ ಹೇಳಬಲ್ಲದ್ದು ಮೊಹರು ಬಿದ್ದ ಪ್ರತಿ ಮಾತ್ರ. ಮಾರುಕಟ್ಟೆ ಬೇಡವೆಂದದ್ದು ಆ ಮೊಹರನ್ನೇ.

ಪುಸ್ತಕ 1956ರ ನಂತರ ಬಂದಿರಲೂಬಹುದು. ಅದನ್ನು ತೀರ್ಮಾನಿಸಬಲ್ಲದ್ದು ಶಾಲೆಯ ದಾಸ್ತಾನು ವಹಿ: ಬಂದ ತಾರೀಕು, ಕಳಿಸಿದವರು, ಕೊಟ್ಟ ಹಣ ಅದರಲ್ಲಿ ಇರಬೇಕು. ಮೊಹರಿನ ಪಕ್ಕ ಶಾಯಿಯಲ್ಲಿ ಕ್ರಮಸಂಖ್ಯೆ ಬರೆದಿದ್ದರೆ ಹುಡುಕುವುದು ಸುಲಭ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳೆಯ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಇದು: ಹಳೇ ಕೊಠಡಿ ಕೆಡವುವ ಮುನ್ನ ಬೀರುವಿನ ತಳದಲ್ಲಿರುವ ಆ ವಹಿಗಳನ್ನು ರದ್ದಿಗೆ ಹಾಕಬೇಡಿ. 1956ಕ್ಕೆ ಮೊದಲು, ಆಗ ಬೇರೆ ಆಡಳಿತಗಳಲ್ಲಿದ್ದ ಮಂಗಳೂರು, ಧಾರವಾಡಗಳಿಂದ ಬಂದ ಮಕ್ಕಳ ಪುಸ್ತಕಗಳ ನಮೂದು ಕಂಡರೆ ಆ ಪುಟದ ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ.