ಕೆಟ್ಟ ಗಣಕಕ್ಕೆ ಫಾರ್ಮ್ಯಾಟ್ ಒಂದೇ ಮದ್ದಲ್ಲ

ಗಣಕಯಂತ್ರ ನಿಧಾನವಾಯಿತು, ನೀಲಿ ಪರದೆ ಬಂತು, ಶುರುವಾಗುತ್ತಲೇ ಇಲ್ಲ. ದೂರು ಯಾವುದೇ ಇರಲಿ, ರಿಪೇರಿ ಅಂಗಡಿಗಳಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್.' ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಇದು. ಮಗಳ ಪ್ರಾಜೆಕ್ಟ್ ವರದಿ, ಮನೆಯವರ ಫೋಟೋಗಳು ಎಲ್ಲ ಹೋಗುತ್ತವೆ. ದೋಷ ಯಂತ್ರಾಂಶದಲ್ಲಿದ್ದರೆ ಅದು ಮಾತ್ರ ಹಾಗೆಯೇ ಉಳಿದು, ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತುತ್ತದೆ.

ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಬಯಸುವ ವಿದ್ಯಾರ್ಥಿಗಳು ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಪರೀಕ್ಷೆಗೆ ಓದುವುದುಂಟು. ಅದರಲ್ಲಿ ಎರಡು ಪತ್ರಿಕೆಗಳು, ಎರಡಕ್ಕೂ ಪ್ರತ್ಯೇಕ ಶುಲ್ಕ. ಪ್ರತಿ ಪತ್ರಿಕೆಗೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಮಾಪನದಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ತೇರ್ಗಡೆ. ಕಾರ್ಯಾಚರಣ ವ್ಯವಸ್ಥೆಯ ತೊಂದರೆಗಳು ಬರುವುದು ಎರಡನೆಯ ಪತ್ರಿಕೆಯಲ್ಲಿ. ಹಳೆಯ ಪುಸ್ತಕ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. 220-1101 ಮತ್ತು 220-1102 ಎಂಬ ಪತ್ರಿಕೆಗಳು 2025ರ ಸೆಪ್ಟೆಂಬರ್‌ನಲ್ಲಿ ನಿಂತುಹೋದವು. ಅವುಗಳ ಜಾಗಕ್ಕೆ ಅದೇ ವರ್ಷ ಮಾರ್ಚ್‌ನಲ್ಲಿ ಬಂದವು 1201 ಮತ್ತು 1202.

ಈ ಪರೀಕ್ಷೆ ಕೆಣಕುವುದು ಒಂದೇ ವಿಷಯಕ್ಕೆ: ಮೊದಲು ಏನು, ಆಮೇಲೆ ಏನು? ಕೊಟ್ಟ ನಾಲ್ಕು ಉತ್ತರಗಳಲ್ಲಿ ಎರಡು ಮೂರು ತೊಂದರೆಯನ್ನು ನಿಜಕ್ಕೂ ಸರಿಪಡಿಸಬಹುದು. ಆದರೆ ಆ ಹಂತಕ್ಕೆ ಸಲ್ಲುವುದು ಒಂದೇ. ತೊಂದರೆ ಏನೆಂದು ಗುರುತಿಸಬೇಕು, ಕಾರಣ ಊಹಿಸಬೇಕು, ಊಹೆಯನ್ನು ಪರೀಕ್ಷಿಸಬೇಕು, ಯೋಜನೆ ಹಾಕಿ ಸರಿಪಡಿಸಬೇಕು, ಎಲ್ಲವೂ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು, ಕಡೆಗೆ ಬರೆದಿಡಬೇಕು. ನಮ್ಮ ಹುಡುಗರು ಮೊದಲನೆಯದನ್ನೂ ಕೊನೆಯದನ್ನೂ ಹಾರಿಸಿಬಿಡುತ್ತಾರೆ. 'ನಿನ್ನೆಗೂ ಇವತ್ತಿಗೂ ನಡುವೆ ಏನು ಬದಲಾಯಿತು?' ಎಂದು ಗಣಕದ ಯಜಮಾನರನ್ನು ಕೇಳುವ ತಾಳ್ಮೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. 'ಬೂಟ್ ಡಿವೈಸ್ ಇಲ್ಲ' ಎಂಬ ಸಂದೇಶಕ್ಕೆ ಕಾರಣ ಹಿಂಬದಿಯಲ್ಲಿ ಮರೆತು ಬಿಟ್ಟ ಪೆನ್ ಡ್ರೈವ್ ಆಗಿರಬಹುದು.

2024ರ ಜುಲೈ 19ರ ಶುಕ್ರವಾರವನ್ನು ನೆನೆಯಿರಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಬೆಳಗಿನ 9.39ಕ್ಕೆ ಹೊರಬಿಟ್ಟ ಒಂದು ದೋಷಯುಕ್ತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲೇ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಆಗಲೇ. ಕಂಪನಿ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ಪಡೆಯಿತು. ಆದರೇನು, ಆಗಲೇ ಬಿದ್ದಿದ್ದ ಗಣಕಗಳು ಪೂರ್ತಿ ಶುರುವಾಗುವ ಮೊದಲೇ ಮತ್ತೆ ಬೀಳುತ್ತಿದ್ದವು. ಹೊಸ ಕಡತ ಅವಕ್ಕೆ ತಲುಪುವುದು ಹೇಗೆ? ಬಹಳಷ್ಟು ಕಡೆ ಒಬ್ಬ ಮನುಷ್ಯ ಗಣಕದ ಮುಂದೆ ಕುಳಿತು, ಅದನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಕೆಟ್ಟ ಕಡತವನ್ನು ಅಳಿಸಿ, ಮತ್ತೆ ಚಾಲೂ ಮಾಡಬೇಕಾಯಿತು. ಸೇಫ್ ಮೋಡ್‌ನಲ್ಲಿ ವಿಂಡೋಸ್ ಅತ್ಯಗತ್ಯ ಡ್ರೈವರ್‌ಗಳನ್ನು ಮಾತ್ರ ಹೇರಿಕೊಳ್ಳುತ್ತದೆ. ಹೊರಗಿನವರ ಡ್ರೈವರ್ ಬರುವುದೇ ಇಲ್ಲ, ಆದ್ದರಿಂದ ಗಣಕ ಏಳುತ್ತದೆ. ಯಾರೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ. ಪಠ್ಯದಲ್ಲಿ ಒಂದು ಸಾಲಾಗಿ ಬರುವ ಸೇಫ್ ಮೋಡ್ ಅಂದು ಆಸ್ಪತ್ರೆ, ಬ್ಯಾಂಕುಗಳನ್ನು ಮತ್ತೆ ನಡೆಸಿತು.

ಇನ್ನೊಂದು ತೊಂದರೆ ಸಣ್ಣದು, ಆದರೆ ಊಹೆ ಮಾಡಿ ಪರೀಕ್ಷಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಬೆಳಿಗ್ಗೆ ಗಣಕ ಹಚ್ಚಿದರೆ ಯಾವ ಜಾಲತಾಣವೂ ತೆರೆಯದೆ 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎನ್ನುತ್ತದೆ. ಇಂಟರ್‌ನೆಟ್ ಕೊಟ್ಟವರನ್ನು ಬೈಯುವ ಮುನ್ನ ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿ. ಅದು ಹಲವು ವರ್ಷ ಹಿಂದಕ್ಕೆ ಹೋಗಿರಬಹುದು. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಹಾಗೂ ಮುಕ್ತಾಯದ ದಿನಾಂಕಗಳಿರುತ್ತವೆ. ಗಣಕದ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ! ದಿನಾಂಕ ತಿದ್ದಿದೊಡನೆ ತಾಣಗಳು ತೆರೆದರೆ ಊಹೆ ಸರಿ. ಆದರೆ ದಿನಾಂಕ ತಪ್ಪಿದ್ದಾದರೂ ಏಕೆ? ಗಣಕ ಆರಿಸಿ, ಗೋಡೆಯ ಸ್ವಿಚ್ ಕೂಡ ತೆಗೆದು, ಸ್ವಲ್ಪ ಹೊತ್ತಿನ ಮೇಲೆ ಹಚ್ಚಿ. ದಿನಾಂಕ ಮತ್ತೆ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ ಎನ್ನಬಹುದು. ಸಾಮಾನ್ಯವಾಗಿ ಅದು ಸಿಆರ್2032: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ತೆಗೆಯುವುದು ನಮ್ಮ ಮನೆಗಳ ರೂಢಿ. ಹೀಗಾಗಿ ಈ ದೋಷ ನಮ್ಮಲ್ಲಿ ಬೇಗ ಬೆಳಕಿಗೆ ಬರುತ್ತದೆ.

ವಿಂಡೋಸ್‌ನ ಸ್ವಂತ ಕಡತಗಳೇ ಕೆಟ್ಟಿದ್ದರೆ ಎಸ್‌ಎಫ್‌ಸಿ ಆಜ್ಞೆ ಅವನ್ನು ತನ್ನ ಉಗ್ರಾಣದ ಪ್ರತಿಗಳೊಂದಿಗೆ ಹೋಲಿಸಿ ಸರಿಪಡಿಸುತ್ತದೆ. ಉಗ್ರಾಣವೇ ಹಾಳಾಗಿದ್ದರೆ ಡಿಐಎಸ್‌ಎಂ ಓಡಿಸಿ, ಮತ್ತೆ ಎಸ್‌ಎಫ್‌ಸಿ ಓಡಿಸಬೇಕು. ಆದರೆ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಯಾವ ಆಜ್ಞೆಯೂ ಬೇಡ. ಮೊದಲು ಕಡತಗಳ ನಕಲು ತೆಗೆಯಿರಿ.

ತಂದೆತಾಯಿಗಳಿಗೆ ಒಂದು ಕೆಲಸವಿದೆ. ವಿಂಡೋಸ್ 11 ಇರುವ ಹಲವು ಗಣಕಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕಿಗೆ ತಾನಾಗಿಯೇ ಗುಪ್ತಲಿಪಿಯ ಬೀಗ ಬಿದ್ದಿರುತ್ತದೆ. ರಿಪೇರಿಯ ವೇಳೆ 48 ಅಂಕಿಗಳ ಕೀಲಿ ಕೇಳಬಹುದು. ಅದಿಲ್ಲದಿದ್ದರೆ ಒಳಗಿನ ಯಾವ ಕಡತವೂ ದಕ್ಕದು. ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ಈಗಲೇ ಹುಡುಕಿ, ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

'ಡಂಪ್' ಎಂಬ ಹೆಸರಿನಲ್ಲಿ ಮಾರುವ ಕದ್ದ ಪ್ರಶ್ನೋತ್ತರಗಳಿಗೆ ದುಡ್ಡು ಸುರಿಯಬೇಡಿ. ಬಳಸಿದವರ ಪ್ರಮಾಣಪತ್ರವನ್ನು ಸಂಸ್ಥೆ ರದ್ದು ಮಾಡಬಹುದು. ಅದಲ್ಲದೆ, ಪರದೆಯ ಮೇಲೆ ಕೆಲಸ ಮಾಡಿ ತೋರಿಸುವ ಪ್ರಶ್ನೆಗಳೂ ಇರುತ್ತವೆ, ಅಲ್ಲಿ ಉರುಹೊಡೆದದ್ದು ನಡೆಯದು. ಅದರ ಬದಲು ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಗಣಕದೊಳಗೆ ಇನ್ನೊಂದು ಗಣಕ ಸೃಷ್ಟಿಸಿ, ಅದರ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಕೊಳ್ಳಿ. ಆಮೇಲೆ ಬೇಕೆಂದೇ ಒಂದು ಸೇವೆ ನಿಲ್ಲಿಸಿ, ಒಂದು ಡ್ರೈವರ್ ತೆಗೆಯಿರಿ, ಏನಾಯಿತೆಂದು ಈವೆಂಟ್ ವ್ಯೂವರ್‌ನಲ್ಲಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೈಮೀರಿದರೆ ಸ್ನ್ಯಾಪ್‌ಶಾಟ್‌ಗೆ ಮರಳಿ, ಮತ್ತೆ ಕೆಡಿಸಿ ನೋಡಬಹುದು.